ಐದು ವರ್ಷದ ಲಾ ಓದು ಎಲ್ಲಿಂದ ಬಂತು? ಮಾಧವ ಮೆನನ್ ಬದುಕಿನ ಜಾಡು ಹಿಡಿದು

ಪಿಯುಸಿ ಓದುವ ಮಕ್ಕಳಿರುವ ಮನೆಗಳಲ್ಲಿ ಮೊದಲೆಲ್ಲ ಎರಡೇ ಮಾತು: ಇಂಜಿನಿಯರಿಂಗೋ, ಮೆಡಿಕಲ್ಲೋ. ಈಗ ಆ ಮಾತಿನ ನಡುವೆ ಲಾ ಕೂಡ ಬಂದು ಕೂತಿದೆ. ಸಿಇಟಿ, ನೀಟ್ ಎಂದರೆ ತಲೆಯಾಡಿಸುವ ಅಪ್ಪ ಅಮ್ಮಂದಿರು ಕ್ಲ್ಯಾಟ್ ಎಂದಾಗ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ. ಅವರು ಕಂಡ ವಕೀಲರೆಲ್ಲ ಬಿಎನೋ ಬಿಕಾಮೋ ಮುಗಿಸಿ, ಆಮೇಲೆ ಮೂರು ವರ್ಷ ಎಲ್‌ಎಲ್‌ಬಿ ಓದಿ, ಊರಿನ ಹಿರಿಯ ವಕೀಲರೊಬ್ಬರ ಆಫೀಸು ಸೇರಿದವರು. ಪಿಯುಸಿ ಮುಗಿದ ಕೂಡಲೇ ಐದು ವರ್ಷದ ಕೋರ್ಸಿಗೆ ಸೇರುವುದು, ಅದಕ್ಕೆ ಕ್ಲ್ಯಾಟ್ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ, ಓದು ಮುಗಿಯುವ ಮೊದಲೇ ಕ್ಯಾಂಪಸ್‌ನಲ್ಲಿ ಕೆಲಸ: ಇದೆಲ್ಲ ಯಾವಾಗ ಶುರುವಾಯಿತು, ಯಾರು ಶುರುಮಾಡಿದರು?

ಇನ್ನೂ ಎರಡು ಪ್ರಶ್ನೆಗಳನ್ನು ಇದರ ಜೊತೆಗೇ ಇಟ್ಟುಕೊಳ್ಳೋಣ. ಕರ್ನಾಟಕದ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ರಾಜ್ಯಪಾಲರು ಕುಲಾಧಿಪತಿ. ಬೆಂಗಳೂರಿನ ನಾಗರಬಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲ್‌ಗೆ ಮಾತ್ರ ಭಾರತದ ಮುಖ್ಯ ನ್ಯಾಯಮೂರ್ತಿಯೇ ಕುಲಾಧಿಪತಿ. ಯಾಕೆ? ಮತ್ತೊಂದು, ಸರ್ಕಾರ ಪತ್ರಿಕೆಗೆ ಕೊಡುವ ಜಾಹೀರಾತಿನಲ್ಲಿ ಯಾರ ಫೋಟೊ ಹಾಕಬಹುದು, ಯಾರದ್ದು ಹಾಕಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿತ್ತಲ್ಲ, ಅದಕ್ಕೆ ಅಡಿಪಾಯ ಹಾಕಿದ್ದು ಯಾರು?

ಮೂರಕ್ಕೂ ಉತ್ತರ ಹುಡುಕುತ್ತ ಹೋದರೆ ಸಿಗುವ ಹೆಸರು ಒಂದೇ: ಎನ್. ಆರ್. ಮಾಧವ ಮೆನನ್. ಕೇರಳದಲ್ಲಿ ವಕೀಲರಾಗಿ ಶುರುಮಾಡಿ, ದಿಲ್ಲಿಯಲ್ಲಿ ಸರ್ಕಾರಿ ನೌಕರರಾಗಿ, ಆಮೇಲೆ ಮೇಷ್ಟ್ರಾಗಿ, ಕೊನೆಗೆ ಒಂದಾದ ಮೇಲೊಂದು ಸಂಸ್ಥೆ ಕಟ್ಟಿದವರು. ನಮ್ಮ ದೇಶದ ಕಾನೂನು ಶಿಕ್ಷಣ ಈಗಿನ ರೂಪಕ್ಕೆ ಬಂದದ್ದು ಹೇಗೆ ಎಂದು ತಿಳಿಯಲು ಈ ಒಬ್ಬರ ಬದುಕನ್ನು ಹಿಂಬಾಲಿಸುವುದೇ ಸುಲಭದ ದಾರಿ.

ಮೊದಲು, ಯಾರ ಕೈಯಲ್ಲಿ ಏನಿದೆ

ಲಾ ಡಿಗ್ರಿ ಸಿಕ್ಕ ಮಾತ್ರಕ್ಕೆ ಕೋರ್ಟಿನಲ್ಲಿ ನಿಂತು ವಾದ ಮಾಡಲು ಬರುವುದಿಲ್ಲ. ಡಿಗ್ರಿ ಕೊಡುವುದು ವಿಶ್ವವಿದ್ಯಾಲಯ. ವಕೀಲಿ ಮಾಡಲು ಬೇಕಾದ ಸನದು ಕೊಡುವುದು ರಾಜ್ಯದ ಬಾರ್ ಕೌನ್ಸಿಲ್. 1961ರ ವಕೀಲರ ಕಾಯ್ದೆ ಈ ಏರ್ಪಾಡು ಮಾಡಿತು. ರಾಜ್ಯದ ವಕೀಲರು ಓಟು ಹಾಕಿ ತಮ್ಮ ಬಾರ್ ಕೌನ್ಸಿಲ್ಲಿಗೆ ಸದಸ್ಯರನ್ನು ಆರಿಸುತ್ತಾರೆ. ಎಲ್ಲ ರಾಜ್ಯಗಳಿಗೂ ಮೇಲೆ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಇದೆ. ಕಾನೂನು ಶಿಕ್ಷಣದ ಗುಣಮಟ್ಟ ಹೇಗಿರಬೇಕು ಎಂದು ವಿಶ್ವವಿದ್ಯಾಲಯಗಳ ಜೊತೆ ಚರ್ಚಿಸಿ ನಿಗದಿ ಮಾಡುವ ಅಧಿಕಾರವೂ ಅದಕ್ಕೇ ಸೇರಿದೆ.

ಹಾಗಾಗಿ ಒಂದು ಲಾ ಕಾಲೇಜಿಗೆ ಇಬ್ಬರು ಯಜಮಾನರು. ಪರೀಕ್ಷೆ, ಅಂಕ, ಪದವಿ ಒಬ್ಬರದು. ಕೋರ್ಸು ಎಷ್ಟು ವರ್ಷ, ಯಾವ ವಿಷಯ ಕಡ್ಡಾಯ ಎಂಬುದು ಇನ್ನೊಬ್ಬರದು. ಇಬ್ಬರೂ ಒಂದೇ ದಿಕ್ಕಿನಲ್ಲಿ ಎಳೆದರೆ ಮಾತ್ರ ಬಂಡಿ ಮುಂದೆ ಹೋಗುತ್ತದೆ. ಬಹಳ ಕಾಲ ಹೀಗೆ ಎಳೆಯಲಿಲ್ಲ ಎಂಬುದೇ ಕಥೆಯ ಮೊದಲ ಭಾಗ. ಮೆನನ್ ಮುಖ್ಯವಾಗುವುದು ಎರಡೂ ಕಡೆಯವರ ಭಾಷೆ ಬಲ್ಲವರಾಗಿದ್ದರು ಎಂಬ ಕಾರಣಕ್ಕೆ.

ಕಪ್ಪು ಕೋಟು ಬಿಟ್ಟು ದಿಲ್ಲಿಗೆ

ಮೆನನ್ ಹುಟ್ಟಿದ್ದು 1935ರ ಮೇ 4ರಂದು, ತಿರುವನಂತಪುರದಲ್ಲಿ. ಬಿಎಸ್ಸಿ ಓದಿ, ಆಮೇಲೆ ಕಾನೂನು ಪದವಿ ಪಡೆದು, 1956ರಲ್ಲಿ ವಕೀಲರಾಗಿ ನೋಂದಾಯಿಸಿಕೊಂಡರು. ಭಾಷಾವಾರು ಪ್ರಾಂತ್ಯಗಳ ಲೆಕ್ಕದಲ್ಲಿ ಕೇರಳ ರಾಜ್ಯ ಹುಟ್ಟಿದ ವರ್ಷ ಅದು. ನಮ್ಮ ಏಕೀಕರಣವೂ ಅದೇ ನವೆಂಬರ್ 1ರಂದು. ವಕೀಲರ ಕಾಯ್ದೆ ಆಗಿನ್ನೂ ಬಂದಿರಲಿಲ್ಲ. ಪ್ಲೀಡರ್, ವಕೀಲ್, ಅಡ್ವೊಕೇಟ್, ಬ್ಯಾರಿಸ್ಟರ್ ಎಂದು ವಕೀಲರಲ್ಲೇ ಮೇಲು ಕೆಳಗುಗಳಿದ್ದ ಕಾಲ.

ವಕೀಲಿ ಹೆಚ್ಚು ದಿನ ನಡೆಯಲಿಲ್ಲ. ಹಿರಿಯ ವಕೀಲರ ಕೈಕೆಳಗೆ ಸ್ವಲ್ಪ ಕಾಲ ಕೆಲಸ ಮಾಡಿ, ಕೇಂದ್ರ ಸಚಿವಾಲಯದ ನೌಕರಿ ಸಿಕ್ಕಿದಾಗ ದಿಲ್ಲಿಗೆ ಹೋದರು. ಫೈಲು ಮೇಜಿಂದ ಮೇಜಿಗೆ ಹೇಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಒಳಗಿದ್ದವರಿಗೆ ಮಾತ್ರ ಗೊತ್ತಾಗುವ ವಿದ್ಯೆ. ಮುಂದೆ ಸಂಸ್ಥೆಗಳನ್ನು ಕಟ್ಟುವಾಗ ಈ ವಿದ್ಯೆ ಅವರ ಕೈಬಿಡಲಿಲ್ಲ ಎಂದು ನನ್ನ ಅಂದಾಜು.

ಅಲ್ಲಿಂದ ಅಲೀಗಢ. ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಎಲ್‌ಎಲ್‌ಎಂ, ಪಿಎಚ್‌ಡಿ ಮಾಡಿ ಅಲ್ಲೇ ಪಾಠ ಹೇಳಿದರು. 1960ರ ದಶಕದಲ್ಲೇ ದಿಲ್ಲಿ ವಿಶ್ವವಿದ್ಯಾಲಯದ ಕಾನೂನು ವಿಭಾಗಕ್ಕೆ ಬಂದರು. ಅವರ ನಿಜವಾದ ಕೆಲಸ ಕುದುರಿದ್ದು ಇಲ್ಲಿ. ವಿದ್ಯಾರ್ಥಿಗಳು ಕಾನೂನನ್ನು ಪುಸ್ತಕದಿಂದಲ್ಲ, ಕಾನೂನು ಬೇಕಾದ ಜನರಿಂದ ಕಲಿಯಬೇಕು ಎಂಬ ಆಲೋಚನೆ ಬಲವಾದದ್ದೂ ಇಲ್ಲೇ. ಬಡವರಿಗೆ ಉಚಿತ ಕಾನೂನು ನೆರವು ಕೊಡಬೇಕೆಂಬ ಮಾತು ದೇಶದಲ್ಲಿ ಗಟ್ಟಿಯಾಗುತ್ತಿದ್ದ ಹೊತ್ತು ಅದು. 1976ರ 42ನೇ ತಿದ್ದುಪಡಿ ಅದನ್ನು ಸಂವಿಧಾನದ 39ಎ ವಿಧಿಯಾಗಿ ಸೇರಿಸಿತು. ಲಾ ಕಾಲೇಜುಗಳೇ ನೆರವಿನ ಕೇಂದ್ರಗಳಾದರೆ ಬಡವರಿಗೆ ವಕೀಲರು ಸಿಗುತ್ತಾರೆ, ಹುಡುಗರು ಕೆಲಸ ಕಲಿಯುತ್ತಾರೆ ಎಂಬುದು ಮೆನನ್ ಲೆಕ್ಕ.

ಹಳೆಯ ಪದ್ಧತಿಯಲ್ಲಿ ಏನು ತೊಂದರೆ ಇತ್ತು

1960ರ ದಶಕದ ಕೊನೆಯ ಹೊತ್ತಿಗೆ ಡಿಗ್ರಿ ಆದ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಎಂಬುದು ದೇಶದಲ್ಲಿ ನೆಲೆಗೊಂಡಿತ್ತು. ಕಾಗದದ ಮೇಲೆ ಅದರಲ್ಲಿ ತಪ್ಪೇನೂ ಇರಲಿಲ್ಲ. ನಡೆಯುತ್ತಿದ್ದದ್ದು ಬೇರೆ. ಬಹಳಷ್ಟು ಕಡೆ ಲಾ ಎಂದರೆ ಸಂಜೆ ಕಾಲೇಜು. ಹಗಲು ಬ್ಯಾಂಕಿನಲ್ಲೋ ಕಚೇರಿಯಲ್ಲೋ ದುಡಿದು ಸಂಜೆ ಹಾಜರಿ ಹಾಕಿ ಹೋಗುವವರು, ಬೇರೆ ಯಾವ ಸೀಟೂ ಸಿಗದೆ ಬಂದವರು, ಬಡ್ತಿಗೊಂದು ಪದವಿ ಇರಲಿ ಎಂದು ಸೇರಿದವರು. ವಕೀಲರಾಗಲೆಂದೇ ಬಂದವರು ಈ ಗುಂಪಿನಲ್ಲಿ ಒಂದು ಪಾಲು ಅಷ್ಟೇ. ಪಾಠ ಹೇಳುವವರಲ್ಲಿ ಅನೇಕರು ಕೋರ್ಟು ಮುಗಿಸಿಕೊಂಡು ಬರುವ ಅರೆಕಾಲಿಕ ವಕೀಲರು. ಸೆಕ್ಷನ್ ಓದಿ ಹೇಳುವುದು, ನೋಟ್ಸ್ ಬರೆಸುವುದು, ವರ್ಷದ ಕೊನೆಗೆ ಪರೀಕ್ಷೆ.

ಇದನ್ನು ಮೆಡಿಕಲ್ ಜೊತೆ ಹೋಲಿಸಿ ನೋಡಿ. ಪಿಯುಸಿ ಆದ ತಕ್ಷಣ ಹುಡುಗಿ ಮೆಡಿಕಲ್ ಸೇರುತ್ತಾಳೆ, ವರ್ಷಗಟ್ಟಲೆ ಅದೇ ಕ್ಯಾಂಪಸ್‌ನಲ್ಲಿರುತ್ತಾಳೆ, ಪಕ್ಕದಲ್ಲೇ ಆಸ್ಪತ್ರೆ, ಎದುರಿಗೆ ರೋಗಿ, ಪಕ್ಕದಲ್ಲಿ ಪ್ರೊಫೆಸರ್. ಒಬ್ಬ ರೋಗಿಯನ್ನೂ ಮುಟ್ಟಿ ನೋಡದೆ ಡಾಕ್ಟರ್ ಆದವರ ಹತ್ತಿರ ನಾವು ಯಾರೂ ಹೋಗುವುದಿಲ್ಲ. ಆದರೆ ಒಬ್ಬ ಕಕ್ಷಿದಾರನ ಜೊತೆಗೂ ಮಾತಾಡದೆ ವಕೀಲರಾಗುವುದು ತೀರಾ ಮಾಮೂಲಾಗಿತ್ತು.

ಬಾರ್ ಕೌನ್ಸಿಲ್ ಆಫ್ ಇಂಡಿಯಾ ಬಹಳ ಚರ್ಚೆಯ ನಂತರ 1982ರಲ್ಲಿ ಪಿಯುಸಿ ನಂತರದ ಐದು ವರ್ಷದ ಕೋರ್ಸಿನ ನಿಯಮ ತಂದಿತು. ಕಲಾ ವಿಷಯ ಮತ್ತು ಕಾನೂನು ಎರಡನ್ನೂ ಒಟ್ಟಿಗೆ ಕಲಿಸಿ ಎರಡು ಪದವಿ ಕೊಡುವ ಯೋಜನೆ. ಆದರೆ ಇದ್ದ ಕಾಲೇಜುಗಳೇ ಹೊಸ ಬೋರ್ಡು ಹಾಕಿಕೊಂಡರೆ ಏನೂ ಬದಲಾಗುವುದಿಲ್ಲ ಎಂದು ಒಳಗಿದ್ದವರಿಗೆ ಗೊತ್ತಿತ್ತು. ಒಂದು ಮಾದರಿ ಶಾಲೆ ಬೇಕು, ಅದು ಯಾವ ಹಳೆಯ ವಿಶ್ವವಿದ್ಯಾಲಯದ ಅಡಿಯಲ್ಲೂ ಇರಬಾರದು, ಕೇವಲ ಕಾನೂನಿಗೆಂದೇ ಇರುವ ವಿಶ್ವವಿದ್ಯಾಲಯವಾಗಿರಬೇಕು ಎಂಬ ಯೋಚನೆ ಬಂತು. ಆ ಹೊತ್ತಿಗೆ ಮೆನನ್ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಟ್ರಸ್ಟಿನ ಕಾರ್ಯದರ್ಶಿಯಾಗಿದ್ದರು. ವಕೀಲರ ಸಂಸ್ಥೆಯೊಳಗೆ ಒಬ್ಬ ಮೇಷ್ಟ್ರು. ಯೋಜನೆಯನ್ನು ನೆಲಕ್ಕಿಳಿಸುವ ಕೆಲಸ ಅವರ ಹೆಗಲಿಗೆ ಬಿತ್ತು.

ನಾಗರಬಾವಿಗೆ ಬಂದ ಬಗೆ

ಬಾರ್ ಕೌನ್ಸಿಲ್ಲಿಗೆ ವಿಶ್ವವಿದ್ಯಾಲಯ ಸ್ಥಾಪಿಸುವ ಅಧಿಕಾರವಿಲ್ಲ. ಅದಕ್ಕೆ ಸಂಸತ್ತೋ ರಾಜ್ಯ ವಿಧಾನಮಂಡಲವೋ ಕಾಯ್ದೆ ಮಾಡಬೇಕು. ಜಾಗ, ಹಣ, ಕಾಯ್ದೆ ಮೂರೂ ಕೊಡುವ ಒಂದು ರಾಜ್ಯ ಬೇಕಿತ್ತು. ಒಪ್ಪಿದ್ದು ಕರ್ನಾಟಕ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿದ್ದಾಗ, 1986ರಲ್ಲಿ ವಿಧಾನಮಂಡಲ ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ಕಾಯ್ದೆಯನ್ನು ಅಂಗೀಕರಿಸಿತು. ಶುರುವಿನಲ್ಲಿ ಸೆಂಟ್ರಲ್ ಕಾಲೇಜಿನ ಆವರಣದಲ್ಲಿ ಕೆಲಸ. ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಪಕ್ಕದ ನಾಗರಬಾವಿಯಲ್ಲಿ ಸ್ವಂತ ಜಾಗ. ಇವತ್ತು ರಿಂಗ್ ರೋಡು, ಹೋಟೆಲು, ಪಿಜಿಗಳಿಂದ ತುಂಬಿಹೋಗಿರುವ ನಾಗರಬಾವಿ ಆಗ ಊರಾಚೆ.

ಕುಲಾಧಿಪತಿ ಪ್ರಶ್ನೆಗೆ ಉತ್ತರ ಇದೇ ಕಾಯ್ದೆಯಲ್ಲಿದೆ. ರಾಜ್ಯದ ಕಾಯ್ದೆಯಿಂದ ಹುಟ್ಟಿದರೂ ಇದು ರಾಜ್ಯ ಸರ್ಕಾರದ ಇಲಾಖೆಯಂತೆ ನಡೆಯಬಾರದು, ಇಡೀ ದೇಶದ ಶಾಲೆಯಾಗಿರಬೇಕು ಎಂಬುದು ಉದ್ದೇಶ. ಅದಕ್ಕೆ ಭಾರತದ ಮುಖ್ಯ ನ್ಯಾಯಮೂರ್ತಿಯನ್ನು ಕುಲಾಧಿಪತಿ ಮಾಡಿದರು, ಆಡಳಿತ ಮಂಡಳಿಗಳಲ್ಲಿ ಬಾರ್ ಕೌನ್ಸಿಲ್ಲಿಗೂ ಪಾಲು ಕೊಟ್ಟರು. ಹೀಗೆ ನ್ಯಾಯಾಧೀಶರು, ವಕೀಲರು, ಮೇಷ್ಟ್ರುಗಳು, ರಾಜ್ಯ ಸರ್ಕಾರ ಎಲ್ಲರೂ ಒಂದೇ ಮೇಜಿನ ಸುತ್ತ ಕೂರುವಂತಾಯಿತು. ಇಬ್ಬರು ಯಜಮಾನರ ಜಗಳವನ್ನು ಬಗೆಹರಿಸುವ ಬದಲು ಅವರನ್ನು ಒಂದೇ ಮನೆಯೊಳಗೆ ತಂದು ಕೂರಿಸಿದ ಉಪಾಯ ಇದು.

ಮೆನನ್ ಸ್ಥಾಪಕ ನಿರ್ದೇಶಕರಾದರು. 1988ರಲ್ಲಿ ಮೊದಲ ತಂಡದ ತರಗತಿ ಶುರುವಾಯಿತು, 1993ರಲ್ಲಿ ಆ ತಂಡ ಪದವಿ ಪಡೆದು ಹೊರಬಂತು. 1998ರವರೆಗೆ, ಅಂದರೆ ಹನ್ನೆರಡು ವರ್ಷ, ಅವರು ಬೆಂಗಳೂರಿನಲ್ಲೇ ಇದ್ದರು.

ತರಗತಿಯೊಳಗೆ ಬದಲಾದದ್ದೇನು

ಇದನ್ನು ಒಂದು ಉದಾಹರಣೆಯಿಂದ ನೋಡುವುದು ಒಳ್ಳೆಯದು. ಬೆಂಗಳೂರಿನಲ್ಲಿ ದಿನಬೆಳಗಾದರೆ ನಡೆಯುವ ಒಂದು ತಕರಾರು ತೆಗೆದುಕೊಳ್ಳಿ. ಬಾಡಿಗೆಗಿದ್ದ ಕುಟುಂಬ ಮನೆ ಖಾಲಿ ಮಾಡಿದೆ. ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೊಟ್ಟಿದ್ದರು. ಓನರ್ ಪೇಂಟಿಂಗ್ ಖರ್ಚು, ಒಡೆದ ವಾಶ್ ಬೇಸಿನ್, ಬಾಕಿ ಕರೆಂಟ್ ಬಿಲ್ ಎಂದು ಲೆಕ್ಕ ಹೇಳಿ ಅರ್ಧಕ್ಕರ್ಧ ಹಿಡಿದುಕೊಂಡಿದ್ದಾರೆ.

ಹಳೆಯ ತರಗತಿಯಲ್ಲಿ ಈ ಕುಟುಂಬ ಬರುವುದೇ ಇಲ್ಲ. 1872ರ ಕರಾರು ಕಾಯ್ದೆಯ 73ನೇ ಸೆಕ್ಷನ್ ಓದುತ್ತಾರೆ, ಕರಾರು ಮುರಿದರೆ ಪರಿಹಾರ ಎಷ್ಟು ಎಂದು ವಿವರಿಸುತ್ತಾರೆ, ಪರೀಕ್ಷೆಗೆ ಇದು ಬಂದೇ ಬರುತ್ತದೆ ಎಂದು ಗೆರೆ ಎಳೆಸುತ್ತಾರೆ.

ಹೊಸ ಪದ್ಧತಿಯ ಒಂದು ಭಾಗ, ತೀರ್ಪುಗಳ ಮೂಲಕ ಕಲಿಸುವುದು. ಅಮೆರಿಕದ ಹಾರ್ವರ್ಡ್‌ನಲ್ಲಿ 1870ರ ದಶಕದಲ್ಲೇ ಶುರುವಾದ ಕ್ರಮ ಇದು. ವಿದ್ಯಾರ್ಥಿಗಳು ತೀರ್ಪನ್ನು ಮೊದಲೇ ಓದಿಕೊಂಡು ಬರಬೇಕು. ಮೇಷ್ಟ್ರು ಭಾಷಣ ಮಾಡುವುದಿಲ್ಲ, ಕೇಳುತ್ತಾರೆ. ನ್ಯಾಯಾಧೀಶರು ಈ ವಾದವನ್ನು ಯಾಕೆ ಒಪ್ಪಲಿಲ್ಲ? ಅಗ್ರಿಮೆಂಟಿನಲ್ಲಿ ಪೇಂಟಿಂಗ್ ಬಗ್ಗೆ ಒಂದು ಸಾಲು ಇದ್ದಿದ್ದರೆ ತೀರ್ಪು ಬದಲಾಗುತ್ತಿತ್ತೇ? ನೀನು ಓನರ್ ಪರ ವಕೀಲನಾದರೆ ಏನು ಹೇಳುತ್ತೀಯ? ಉತ್ತರ ಗೊತ್ತಿಲ್ಲದಿದ್ದರೆ ಎಲ್ಲರ ಎದುರು ನಿಂತುಕೊಂಡೇ ಇರಬೇಕು.

ಇನ್ನೊಂದು ಭಾಗ ಕ್ಲಿನಿಕ್, ಅಂದರೆ ವಿದ್ಯಾರ್ಥಿಗಳೇ ನಿಜವಾದ ಕಕ್ಷಿದಾರರಿಗೆ ನೆರವಾಗುತ್ತ ಕಲಿಯುವ ಜಾಗ. ಇಲ್ಲಿ ಕುಟುಂಬ ನಿಜವಾಗಿಯೂ ಎದುರಿಗೆ ಕೂರುತ್ತದೆ. ಅಗ್ರಿಮೆಂಟ್ ತೆಗೆದು ನೋಡಿದರೆ ಹನ್ನೊಂದು ತಿಂಗಳಿಗೆ ಮಾತ್ರ ಬರೆದಿದೆ. ಯಾಕೆ ಹನ್ನೊಂದು? ವರ್ಷಕ್ಕೆ ಮೀರಿದ ಗುತ್ತಿಗೆಗೆ ರಿಜಿಸ್ಟ್ರೇಶನ್ ಕಡ್ಡಾಯ, ಆ ಖರ್ಚು ತಪ್ಪಿಸಲು. ಅವಧಿ ಮುಗಿದು ಎರಡು ವರ್ಷವಾಗಿದೆ, ಯಾರೂ ಹೊಸದಾಗಿ ಬರೆಸಿಕೊಂಡಿಲ್ಲ. ಅಡ್ವಾನ್ಸಿನ ಒಂದು ಪಾಲು ಖಾತೆಗೆ ಹಾಕಿದ್ದು, ಇನ್ನೊಂದು ಪಾಲು ಕೈಗೆ ಕೊಟ್ಟಿದ್ದು. ಕೈಗೆ ಕೊಟ್ಟಿದ್ದಕ್ಕೆ ರಸೀದಿ ಇಲ್ಲ. ಮನೆ ಬಿಡುವಾಗ ಫೋಟೊ ತೆಗೆದಿದ್ದೀರಾ? ಇಲ್ಲ. ಈಗ ವಿದ್ಯಾರ್ಥಿ ಯೋಚಿಸಬೇಕು. ಮೊದಲು ಲೀಗಲ್ ನೋಟಿಸ್ ಕೊಡುವುದೇ, ಲೋಕ ಅದಾಲತ್ತಿನಲ್ಲಿ ರಾಜಿಗೆ ಕರೆಸುವುದೇ, ದಾವೆ ಹೂಡುವುದೇ? ದಾವೆಗೆ ಹಿಡಿಯುವ ಕಾಲ, ಖರ್ಚು ನೋಡಿದರೆ ಸಿಗುವ ಹಣ ಅದಕ್ಕೆ ಸರಿದೂಗುತ್ತದೆಯೇ? 73ನೇ ಸೆಕ್ಷನ್ನಿನಲ್ಲಿ ಇದಕ್ಕೆ ಉತ್ತರವಿಲ್ಲ. ವಕೀಲಿಯ ದೊಡ್ಡ ಪಾಲು ಇರುವುದು ಇಲ್ಲೇ.

ಮೂರನೆಯದು, ಒಂದೇ ತರಗತಿಯಲ್ಲಿ ಇಬ್ಬರು ಮೇಷ್ಟ್ರು. ಕಾನೂನಿನವರ ಜೊತೆ ಅರ್ಥಶಾಸ್ತ್ರದವರೋ ಸಮಾಜಶಾಸ್ತ್ರದವರೋ ಇರುತ್ತಿದ್ದರು. ನಮ್ಮ ಬಾಡಿಗೆ ಉದಾಹರಣೆಗೇ ಬಂದರೆ, ಬೆಂಗಳೂರಿನಲ್ಲಿ ಇಷ್ಟೊಂದು ಅಡ್ವಾನ್ಸ್ ಕೇಳುವ ರೂಢಿ ಯಾಕೆ ಬಂತು ಎಂದು ಒಬ್ಬರು ಕೇಳಬಹುದು, ಯಾರಿಗೆ ಮನೆಯೇ ಸಿಗುವುದಿಲ್ಲ ಎಂದು ಇನ್ನೊಬ್ಬರು. ಐದು ವರ್ಷ ಯಾಕೆ ಬೇಕು ಎಂಬುದಕ್ಕೂ ಇದೇ ಉತ್ತರ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರವನ್ನು ಮೊದಲು ಮುಗಿಸಿ ಆಮೇಲೆ ಕಾನೂನು ಓದುವುದಲ್ಲ, ಎರಡನ್ನೂ ಹೆಣೆದು ಓದುವುದು.

ವರ್ಷವನ್ನು ಮೂರು ಭಾಗ ಮಾಡುವ ಟ್ರೈಮೆಸ್ಟರ್, ವಿಷಯಕ್ಕೊಂದು ಸಂಶೋಧನಾ ಪ್ರಬಂಧ, ಅದರ ಮೇಲೆ ವೈವಾ, ಅಣಕು ನ್ಯಾಯಾಲಯ, ರಜೆಯಲ್ಲಿ ವಕೀಲರ ಬಳಿಯೋ ಸ್ವಯಂಸೇವಾ ಸಂಸ್ಥೆಗಳಲ್ಲೋ ಕೆಲಸ. ಇವುಗಳಲ್ಲಿ ಹಲವು ಈಗ ಕಾನೂನು ವಿಶ್ವವಿದ್ಯಾಲಯಗಳಲ್ಲಿ ಮಾಮೂಲು, ಆಗ ಇಲ್ಲಿ ಹೊಸದು.

ನ್ಯಾಯಾಧೀಶರಿಗೂ ಪಾಠಶಾಲೆ

ಬೆಂಗಳೂರು ಬಿಟ್ಟ ಮೇಲೆ ಮೆನನ್ ಕೋಲ್ಕತ್ತಾಗೆ ಹೋಗಿ ಅಲ್ಲಿ ಇಂಥದ್ದೇ ಇನ್ನೊಂದು ವಿಶ್ವವಿದ್ಯಾಲಯ ಕಟ್ಟಿದರು. 2003ರ ಹೊತ್ತಿಗೆ ಭೋಪಾಲದ ರಾಷ್ಟ್ರೀಯ ನ್ಯಾಯಾಂಗ ಅಕಾಡೆಮಿಯ ಸ್ಥಾಪಕ ನಿರ್ದೇಶಕರಾದರು. ಹೈಕೋರ್ಟ್ ನ್ಯಾಯಮೂರ್ತಿಗಳು, ಜಿಲ್ಲಾ ನ್ಯಾಯಾಧೀಶರು ಕೆಲವು ದಿನ ಬಂದು ಕಲಿತು ಹೋಗುವ ಜಾಗ ಅದು.

ಕುರ್ಚಿ ಮೇಲೆ ಕೂತು ತೀರ್ಪು ಕೊಡುವವರಿಗೆ ಪಾಠ ಯಾಕೆ ಎನಿಸಬಹುದು. ನ್ಯಾಯಾಧೀಶರಾದ ದಿನದಿಂದ ಮನುಷ್ಯ ಸ್ವಲ್ಪ ಒಂಟಿಯಾಗುತ್ತಾನೆ. ಹಳೆಯ ವಕೀಲ ಗೆಳೆಯರ ಜೊತೆ ಮೊದಲಿನಂತೆ ಬೆರೆಯುವಂತಿಲ್ಲ, ತನ್ನ ಕೆಲಸದ ಬಗ್ಗೆ ತಪ್ಪು ಒಪ್ಪು ಹೇಳುವವರು ಹತ್ತಿರದಲ್ಲಿ ಇರುವುದಿಲ್ಲ. ಈ ನಡುವೆ ಸೈಬರ್ ಅಪರಾಧ, ಡಿಎನ್‌ಎ ಸಾಕ್ಷ್ಯ ಎಂದು ಓದುವಾಗ ಇಲ್ಲದಿದ್ದ ವಿಷಯಗಳು ಬಂದು ನಿಲ್ಲುತ್ತವೆ. ಅಪೀಲಿನಲ್ಲಿ ಮೇಲಿನ ಕೋರ್ಟು ತಪ್ಪು ತಿದ್ದುತ್ತದೆ ನಿಜ, ಆದರೆ ಅಷ್ಟರಲ್ಲಿ ಕಕ್ಷಿದಾರನಿಗೆ ವರ್ಷಗಳೇ ಹೋಗಿರುತ್ತವೆ.

ಸಮಿತಿಗಳು ಏನು ಮಾಡುತ್ತವೆ

ಮೆನನ್ ಚುನಾವಣೆಗೆ ನಿಂತವರಲ್ಲ, ಮಂತ್ರಿಯಾದವರಲ್ಲ. ಅವರ ಸಾರ್ವಜನಿಕ ಸೇವೆ ನಡೆದದ್ದು ಸಮಿತಿಗಳ ಮೂಲಕ. ಸಮಿತಿ ಕಾನೂನು ಮಾಡುವುದಿಲ್ಲ; ಒಂದು ವಿಷಯವನ್ನು ಅಧ್ಯಯನ ಮಾಡಿ ಹೀಗೆ ಮಾಡಬಹುದು ಎಂದು ಬರೆದು ಕೊಡುತ್ತದೆ. ಒಪ್ಪುವುದು, ಅರ್ಧ ಒಪ್ಪುವುದು, ಕಪಾಟಿಗೆ ಸೇರಿಸುವುದು ಸರ್ಕಾರಕ್ಕೋ ಕೋರ್ಟಿಗೋ ಬಿಟ್ಟದ್ದು. ಮೆನನ್ ಕೂತ ಸಮಿತಿಗಳಲ್ಲಿ ಮೂರೂ ಬಗೆಯವು ಸಿಗುತ್ತವೆ.

ಕರ್ನಾಟಕಕ್ಕೆ ಹತ್ತಿರದ್ದು ಮಳಿಮಠ ಸಮಿತಿ. ಕರ್ನಾಟಕ ಮತ್ತು ಕೇರಳ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ. ಎಸ್. ಮಳಿಮಠ ಅಧ್ಯಕ್ಷರು, ಮೆನನ್ ಒಬ್ಬ ಸದಸ್ಯರು. ಕ್ರಿಮಿನಲ್ ನ್ಯಾಯವ್ಯವಸ್ಥೆಯನ್ನು ಹೇಗೆ ಸುಧಾರಿಸಬಹುದು ಎಂಬ ವರದಿಯನ್ನು 2003ರಲ್ಲಿ ಕೊಟ್ಟರು. ನಮ್ಮಲ್ಲಿ ಎರಡೂ ಕಡೆಯವರು ವಾದ ಮಾಡುತ್ತಾರೆ, ನ್ಯಾಯಾಧೀಶರು ಕೇಳಿಸಿಕೊಂಡು ತೀರ್ಮಾನಿಸುತ್ತಾರೆ. ಅದರ ಬದಲು ಸತ್ಯ ಹುಡುಕುವ ಹೊಣೆ ನ್ಯಾಯಾಧೀಶರ ಮೇಲೂ ಇರಲಿ ಎಂದಿತು ಸಮಿತಿ. ಅಪರಾಧಕ್ಕೆ ತುತ್ತಾದವರಿಗೆ ಪರಿಹಾರ ಕೊಡಬೇಕು, ಕೇಸಿನಲ್ಲಿ ಅವರ ಮಾತಿಗೂ ಜಾಗವಿರಬೇಕು ಎಂದೂ ಹೇಳಿತು. ಆರೋಪಿಯ ರಕ್ಷಣೆಗಳು ಸಡಿಲವಾಗುತ್ತವೆ ಎಂದು ಮಾನವ ಹಕ್ಕುಗಳ ಪರವಿರುವವರು ಅನೇಕ ಶಿಫಾರಸುಗಳನ್ನು ಜೋರಾಗಿ ವಿರೋಧಿಸಿದರು. ಆದರೆ ಸಂತ್ರಸ್ತರಿಗೆ ಪರಿಹಾರ ಕೊಡುವ ಯೋಜನೆ ಮುಂದೆ ಕಾನೂನಿಗೆ ಸೇರಿತು. ಮೆನನ್ ಅಧ್ಯಕ್ಷತೆಯಲ್ಲಿ 2008ರಲ್ಲಿ ಬಂದ, ಸಮಾನ ಅವಕಾಶ ಆಯೋಗ ರಚಿಸುವ ಬಗೆಗಿನ ವರದಿಗೆ ಆ ಭಾಗ್ಯ ಇರಲಿಲ್ಲ. ಅಂಥ ಆಯೋಗದ ಕರಡು ಮಸೂದೆಯನ್ನೂ ಬರೆದು ಕೊಟ್ಟಿದ್ದರು, ಕಾಯ್ದೆ ಆಗಲಿಲ್ಲ.

ಇನ್ನು ಫೋಟೊ ವಿಷಯ. ಜನರ ತೆರಿಗೆ ದುಡ್ಡಿನಲ್ಲಿ ಸರ್ಕಾರಗಳು ಜಾಹೀರಾತು ಕೊಟ್ಟು ಆಡಳಿತ ಪಕ್ಷದ ನಾಯಕರನ್ನು ಮೆರೆಸುತ್ತವೆ ಎಂದು ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಗಿತ್ತು. 2014ರ ಏಪ್ರಿಲ್‌ನಲ್ಲಿ ಕೋರ್ಟು ಮೆನನ್ ಅವರೂ ಸೇರಿ ಮೂವರ ಸಮಿತಿ ಮಾಡಿ ಮಾರ್ಗಸೂಚಿ ಬರೆಯಲು ಹೇಳಿತು. ಜಾಹೀರಾತು ಸರ್ಕಾರದ ಹೊಣೆಗಾರಿಕೆಗೆ ಸಂಬಂಧಿಸಿರಬೇಕು, ಯಾವ ಪಕ್ಷಕ್ಕೂ ಪ್ರಚಾರ ಆಗಬಾರದು, ಖರ್ಚಿಗೆ ತಕ್ಕ ಕಾರಣ ಇರಬೇಕು ಎಂಬುದು ಸಮಿತಿ ಹೇಳಿದ್ದರ ತಿರುಳು. 2015ರ ಮೇ 13ರಂದು ಕೋರ್ಟು ಬಹುಪಾಲು ಒಪ್ಪಿಕೊಂಡಿತು. ಫೋಟೊ ವಿಷಯದಲ್ಲಿ ಸಮಿತಿಗಿಂತ ಬಿಗಿಯಾಗಿ ನಿಂತು, ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ ಈ ಮೂವರದ್ದು ಮಾತ್ರ ಎಂದಿತು. ರಾಜ್ಯಗಳು ಸುಮ್ಮನಿರಲಿಲ್ಲ, ಮರುಪರಿಶೀಲನೆಗೆ ಹೋದವು. 2016ರ ಮಾರ್ಚ್‌ನಲ್ಲಿ ರಾಜ್ಯಪಾಲರು, ಮುಖ್ಯಮಂತ್ರಿಗಳು, ಇಲಾಖೆಯ ಸಚಿವರಿಗೂ ಅವಕಾಶ ಸಿಕ್ಕಿತು. ಈಗ ಪತ್ರಿಕೆಯ ಮುಖಪುಟದ ಜಾಹೀರಾತಿನಲ್ಲಿ ಮುಖ್ಯಮಂತ್ರಿಗಳು ನಗುತ್ತಿರುವುದು ಈ ಎರಡನೇ ಆದೇಶದ ಬಲದಿಂದ. ಅಂದಹಾಗೆ ಸರ್ಕಲ್ಲಿನಲ್ಲಿ ಅಭಿಮಾನಿಗಳು ಕಟ್ಟುವ ಫ್ಲೆಕ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಅದು ಸರ್ಕಾರದ ಜಾಹೀರಾತು ಅಲ್ಲ.

ಅಂದುಕೊಂಡದ್ದು ಒಂದು, ಆದದ್ದು ಒಂದು

ನ್ಯಾಷನಲ್ ಲಾ ಸ್ಕೂಲ್ ಶುರುವಾದಾಗ ಕನಸು ಇದ್ದದ್ದು ಜಿಲ್ಲಾ ಕೋರ್ಟುಗಳಿಗೆ, ಬಡವರ ಕೇಸುಗಳಿಗೆ ಒಳ್ಳೆಯ ವಕೀಲರನ್ನು ಕೊಡುವುದು. ನಡುವೆ 1991 ಬಂತು. ಆರ್ಥಿಕ ಉದಾರೀಕರಣದಿಂದ ವಿದೇಶಿ ಕಂಪನಿಗಳು ಬಂದವು, ಅವುಗಳ ಒಪ್ಪಂದ, ವಿಲೀನ, ಹೂಡಿಕೆಗೆಲ್ಲ ವಕೀಲರು ಬೇಕಾದರು. ಎರಡೇ ವರ್ಷಕ್ಕೆ ಮೊದಲ ತಂಡ ಹೊರಬಂತು. ಚೆನ್ನಾಗಿ ಬರೆಯುವ, ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಮಾತಾಡುವ, ಸಂಶೋಧನೆ ಗೊತ್ತಿರುವ ಹುಡುಗ ಹುಡುಗಿಯರನ್ನು ದೊಡ್ಡ ಲಾ ಫರ್ಮುಗಳು ಕ್ಯಾಂಪಸ್ಸಿಗೇ ಬಂದು ಕರೆದುಕೊಂಡು ಹೋಗತೊಡಗಿದವು.

ಹುಡುಗರನ್ನು ದೂರುವುದು ಸುಲಭ. ತಾಲ್ಲೂಕು ಕೋರ್ಟಿನಲ್ಲಿ ಸೀನಿಯರ್ ಆಫೀಸು ಸೇರಿದ ಜೂನಿಯರ್ ಮೊದಲ ಕೆಲವು ವರ್ಷ ಬಸ್ ಚಾರ್ಜಿಗೂ ಮನೆಯವರ ಮುಖ ನೋಡಬೇಕು. ಜೂನಿಯರ್‌ಗಳಿಗೆ ತಿಂಗಳಿಗೆ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿಯಾದರೂ ಕೊಡಿ ಎಂದು ಬಾರ್ ಕೌನ್ಸಿಲ್ ಆಫ್ ಇಂಡಿಯಾ ಸೂಚಿಸಿದ್ದು 2024ರಲ್ಲಿ. ಅದೂ ಸೂಚನೆಯಷ್ಟೇ, ಕಡ್ಡಾಯವಲ್ಲ. ದುಬಾರಿ ಶುಲ್ಕ ಕಟ್ಟಿ, ಸಾಲ ಮಾಡಿ ಓದಿದವರು ಯಾವ ಕಡೆ ಹೋಗುತ್ತಾರೆ ಎಂದು ಊಹಿಸುವುದು ಕಷ್ಟವಲ್ಲ. ಮೆನನ್ ಈ ಕೊರಗನ್ನು ಕೊನೆಯವರೆಗೂ ಹೇಳಿಕೊಂಡರು. ವೃತ್ತಿಯಲ್ಲಿರುವ ಸಾಮಾನ್ಯ ವಕೀಲರ ತರಬೇತಿಗೆಂದು ತಿರುವನಂತಪುರದಲ್ಲಿ ಒಂದು ಸಂಸ್ಥೆಯನ್ನೂ ಕಟ್ಟಿದರು. 2019ರ ಮೇ 8ರಂದು ಅಲ್ಲೇ ತೀರಿಕೊಂಡರು. 2003ರಲ್ಲಿ ಪದ್ಮಶ್ರೀ ಬಂದಿತ್ತು; 2020ರಲ್ಲಿ ಮರಣೋತ್ತರವಾಗಿ ಪದ್ಮಭೂಷಣ ಬಂತು.

ಕನ್ನಡದ ಮಕ್ಕಳಿಗೆ ದಾರಿ ಎಲ್ಲೆಲ್ಲಿದೆ

ಬೆಂಗಳೂರಿನ ಮಾದರಿ ಹಿಡಿದು ಹುಟ್ಟಿದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು ಈಗ ದೇಶದಲ್ಲಿ ಎರಡು ಡಜನ್ ದಾಟಿವೆ. ಮೊದಲು ಒಂದೊಂದಕ್ಕೂ ಬೇರೆ ಬೇರೆ ಪ್ರವೇಶ ಪರೀಕ್ಷೆ ಇತ್ತು. 2008ರಿಂದ ಕ್ಲ್ಯಾಟ್ ಎಂಬ ಸಾಮಾನ್ಯ ಪರೀಕ್ಷೆ ಬಂತು. ಈಗ ಅದು ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ನಡೆಯುತ್ತದೆ. ಎರಡು ಗಂಟೆ, 120 ಪ್ರಶ್ನೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಪಿಯುಸಿಯಲ್ಲಿ ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದಿದ್ದರೂ ಬರೆಯಬಹುದು. ಉದ್ದುದ್ದದ ಪ್ಯಾರಾ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ, ಹಾಗಾಗಿ ಬಾಯಿಪಾಠಕ್ಕಿಂತ ವೇಗವಾಗಿ ಓದಿ ಗ್ರಹಿಸುವುದು ಮುಖ್ಯ.

ನಾಗರಬಾವಿಯ ಸೀಟುಗಳಲ್ಲಿ ಕನ್ನಡಿಗರಿಗೆ ಪಾಲು ಬೇಕೆಂಬ ಕೂಗು ಬಹಳ ಹಳೆಯದು. ರಾಜ್ಯ 2020ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಶೇಕಡ 25 ಸೀಟು ಮೀಸಲಿಟ್ಟಿತು. ಅದೇ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಮರುವರ್ಷ ವಿಶ್ವವಿದ್ಯಾಲಯವೇ ತನ್ನ ಯೋಜನೆಯಡಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇಕಡ 25ರ ಮೀಸಲಾತಿ ತಂದಿತು. ರಾಜ್ಯದಲ್ಲಿ ಕನಿಷ್ಠ ಹತ್ತು ವರ್ಷ ಓದಿದವರು ಇದಕ್ಕೆ ಅರ್ಹರು. ಐದು ವರ್ಷದ ಕೋರ್ಸಿನಿಂದಲೇ ಹೆಸರಾದ ಈ ಶಾಲೆ 2022ರಿಂದ ಡಿಗ್ರಿ ಆದವರಿಗೆ ಮೂರು ವರ್ಷದ ಎಲ್‌ಎಲ್‌ಬಿಯನ್ನೂ ಶುರುಮಾಡಿದೆ, ಅದಕ್ಕೆ ಪ್ರವೇಶ ಪರೀಕ್ಷೆ ಬೇರೆ.

ಕ್ಲ್ಯಾಟ್ ಬರೆಯದೆಯೂ ವಕೀಲರಾಗಬಹುದು. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದಡಿ ರಾಜ್ಯದಾದ್ಯಂತ ಲಾ ಕಾಲೇಜುಗಳಿವೆ, ಮೂರು ವರ್ಷದ್ದೂ ಐದು ವರ್ಷದ್ದೂ ಅಲ್ಲಿ ಸಿಗುತ್ತದೆ. ಸನದಿಗೆ ಎರಡೂ ಕಡೆಯ ಡಿಗ್ರಿಗೆ ಒಂದೇ ಬೆಲೆ. ವ್ಯತ್ಯಾಸ ದೊಡ್ಡದಾಗಿ ಕಾಣುವುದು ಭಾಷೆಯಲ್ಲಿ. ಕ್ಲ್ಯಾಟ್ ಇಂಗ್ಲಿಷಿನಲ್ಲಿ ಮಾತ್ರ, ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಎಡವುವುದು ಈ ಮೊದಲ ಹೊಸ್ತಿಲಲ್ಲೇ. ರಾಜ್ಯ ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ವಕೀಲಿ ಮಾಡಲು ಎಲ್ಲರೂ ಪಾಸಾಗಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆಯನ್ನು, ನಾಗರಬಾವಿಯಲ್ಲಿ ಓದಿದವರಿರಲಿ ನರಗುಂದದಿಂದ ಬಂದವರಿರಲಿ, ಕನ್ನಡದಲ್ಲೇ ಬರೆಯಲು ಅವಕಾಶವಿದೆ.